ಕುರ್ಚಿ ಯಾರಿಗೆ, ಕಚೇರಿ ಎಲ್ಲಿ? ಅಮೆರಿಕದ ಕಾಲೇಜು ಹಾಕಿ ಮನೆ ಪಾಲಾದಾಗ

(ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಗೆಳೆಯರ ಸಣ್ಣ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಇವತ್ತಿನ ಹಾಕಿ ನಮ್ಮ ಕೊಡಗಿನ ಹಾಕಿ ಅಲ್ಲ. ಕಾಲಿಗೆ ಸ್ಕೇಟ್ ಕಟ್ಟಿಕೊಂಡು ಮಂಜಿನ ಮೇಲೆ ಆಡುವ ಐಸ್ ಹಾಕಿ. ಅದರಲ್ಲೂ ಕಾಲೇಜು ಹುಡುಗರದ್ದು. ಇನ್ನೊಂದು ಮಾತು, ಗೋಲು, ಪಂದ್ಯ ಇವೆಲ್ಲ ಇವತ್ತು ಕಮ್ಮಿ. ಆಟ ನಡೆಸುವ ಆಫೀಸಿನ ಬಗ್ಗೆಯೇ ಜಾಸ್ತಿ. ಎದ್ದು ಹೋಗುವವರು ಈಗಲೇ ಹೋಗಬಹುದು, ಕಾಫಿ ಆ ಕಡೆ ಇದೆ.

2011ರ ಜುಲೈನಲ್ಲಿ ಆರು ವಿಶ್ವವಿದ್ಯಾಲಯಗಳು ತಮ್ಮ ಹಳೆಯ ಲೀಗುಗಳನ್ನು ಬಿಟ್ಟು ಹೊಸದೊಂದನ್ನು ಕಟ್ಟುತ್ತೇವೆ ಅಂತ ಘೋಷಿಸಿದವು. ಅದರ ಹೆಸರು ನ್ಯಾಷನಲ್ ಕಾಲೇಜಿಯೇಟ್ ಹಾಕಿ ಕಾನ್ಫರೆನ್ಸ್, ಎನ್‌ಸಿಎಚ್‌ಸಿ. ಹೆಸರು ಸಿಕ್ಕಿತು, ತಂಡಗಳು ಸಿಕ್ಕವು. ಆದರೆ ಮುಖ್ಯಸ್ಥ ಇರಲಿಲ್ಲ, ಕಚೇರಿಯೂ ಇರಲಿಲ್ಲ. ಈ ಎರಡನ್ನು ಹುಡುಕಿದ ಕಥೆಯೇ ನನಗೆ ಇಷ್ಟ. ಹೊರಗಿನವರಿಗೆ ಇದು ಗುಮಾಸ್ತರ ಕೆಲಸದ ಹಾಗೆ ಕಾಣುತ್ತದೆ. ನನ್ನ ಪ್ರಕಾರ ಆ ಶಾಲೆಗಳು ಒಂದನ್ನೊಂದು ಎಷ್ಟು ನಂಬುತ್ತವೆ ಅನ್ನುವುದು ಗೊತ್ತಾಗಿದ್ದು ಅಲ್ಲೇ.

ಸ್ವಲ್ಪ ಹಿನ್ನೆಲೆ ಬೇಕು. ಇಲ್ಲಿನ ಕಾಲೇಜು ಕ್ರೀಡೆಗೆ ಮೇಲಿನ ಸಂಸ್ಥೆ ಎನ್‌ಸಿಎಎ. ಅದರ ಕೆಳಗೆ ಶಾಲೆಗಳು ಗುಂಪು ಕಟ್ಟಿಕೊಂಡಿರುತ್ತವೆ. ಅದನ್ನೇ ಕಾನ್ಫರೆನ್ಸ್ ಅನ್ನುವುದು, ಲೀಗ್ ಅಂತಲೇ ಇಟ್ಟುಕೊಳ್ಳಿ. ಗುಂಪಿನೊಳಗೆ ಆಡಿ ಗೆದ್ದವರಿಗೆ ರಾಷ್ಟ್ರೀಯ ಟೂರ್ನಿಗೆ ನೇರ ಪ್ರವೇಶ. ಆ ಟೂರ್ನಿಯಲ್ಲಿ ಇರುವುದು 16 ಜಾಗ ಮಾತ್ರ. ನೇರ ಪ್ರವೇಶ ಬೇಕು ಅಂದರೆ ಲೀಗ್‌ನಲ್ಲಿ ಕನಿಷ್ಠ ಆರು ತಂಡ ಇರಬೇಕು. ಈ ಆರು ಅನ್ನುವ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಮುಂದಿನ ಜಗಳವೆಲ್ಲ ಅದರ ಸುತ್ತಲೇ.

ಫುಟ್‌ಬಾಲ್, ಬಾಸ್ಕೆಟ್‌ಬಾಲ್‌ಗೆ ದೊಡ್ಡ ಲೀಗುಗಳಿವೆ, ಹತ್ತಾರು ಕ್ರೀಡೆ ಒಟ್ಟಿಗೆ ನಡೆಸುತ್ತವೆ. ಹಾಕಿ ಹಾಗಲ್ಲ. ಹಾಕಿ ಆಡುವ ಶಾಲೆಗಳೇ ಕಡಿಮೆ, ಅದೂ ಚಳಿ ಪ್ರದೇಶಗಳಲ್ಲಿ. ಕೊಲರಾಡೊ ಕಾಲೇಜನ್ನೇ ನೋಡಿ. ಸುಮಾರು ಎರಡು ಸಾವಿರ ವಿದ್ಯಾರ್ಥಿಗಳ ಪುಟ್ಟ ಕಾಲೇಜು. ಉಳಿದ ಆಟಗಳನ್ನು ಹೆಚ್ಚುಕಡಿಮೆ ಮೂರನೇ ದರ್ಜೆಯಲ್ಲಿ ಆಡುತ್ತದೆ. ಹಾಕಿಯಲ್ಲಿ ಮಾತ್ರ ಮೊದಲ ದರ್ಜೆ, ದೊಡ್ಡವರ ಜೊತೆಗೇ ಕುಸ್ತಿ. ಮಿನೆಸೋಟ ಡುಲುತ್, ಸೇಂಟ್ ಕ್ಲೌಡ್ ಸ್ಟೇಟ್ ಉಳಿದ ಕ್ರೀಡೆಗಳಲ್ಲಿ ಎರಡನೇ ದರ್ಜೆ. ಹಾಗಾಗಿ ಹಾಕಿಗೆ ಅಂತಲೇ ಬೇರೆ ಲೀಗು, ಬೇರೆ ಆಫೀಸು, ಬೇರೆ ಕಮಿಷನರ್, ಅಂದರೆ ಲೀಗಿನ ಮುಖ್ಯಸ್ಥ, ಬೇಕಾಗುತ್ತದೆ. ಶಾಲೆಯ ಉಳಿದ ಇಪ್ಪತ್ತು ಕ್ರೀಡೆ ಬೇರೆ ಬೇರೆ ಕಡೆ ಇರುತ್ತವೆ, ಹಾಕಿ ಮಾತ್ರ ಇಲ್ಲಿ.

ಪಶ್ಚಿಮದ ಕಡೆ ಇಂಥ ಎರಡು ಹಳೆಯ ಲೀಗುಗಳಿದ್ದವು. ಡಬ್ಲ್ಯುಸಿಎಚ್‌ಎ ಮತ್ತು ಸಿಸಿಎಚ್‌ಎ. (ಅಕ್ಷರಗಳು ಕಲಸಿಹೋಗುತ್ತವೆ, ನನಗೂ ಹಾಗೇ.) 2010ರ ಹೊತ್ತಿಗೆ ಮೊದಲನೆಯದರಲ್ಲಿ 12 ತಂಡ, ಎರಡನೆಯದರಲ್ಲಿ 11. 2005ರಲ್ಲಿ ರಾಷ್ಟ್ರೀಯ ಸೆಮಿಫೈನಲ್ ತಲುಪಿದ ನಾಲ್ಕೂ ತಂಡಗಳು ಡಬ್ಲ್ಯುಸಿಎಚ್‌ಎದವೇ. ಅಂಥ ಲೀಗ್ ಒಡೆಯುತ್ತದೆ ಅಂತ ಆಗ ಯಾರೂ ಅಂದುಕೊಂಡಿರಲಿಕ್ಕಿಲ್ಲ.

ಒಡೆದಿದ್ದು ಒಂದು ದಾನದಿಂದ. ಟೆರ್ರಿ ಪೆಗುಲಾ ಅನ್ನುವವರು ನೈಸರ್ಗಿಕ ಅನಿಲದ ಉದ್ಯಮಿ. 2010ರಲ್ಲಿ ತಮ್ಮ ಕಂಪನಿಯನ್ನು ಶೆಲ್‌ಗೆ 470 ಕೋಟಿ ಡಾಲರಿಗೆ ಮಾರಿದರು. ಅದೇ ಸೆಪ್ಟೆಂಬರಿನಲ್ಲಿ ಅವರೂ ಪತ್ನಿ ಕಿಮ್ ಅವರೂ ತಾವು ಓದಿದ... ತಡೆಯಿರಿ, ಓದಿದ್ದು ಟೆರ್ರಿ ಮಾತ್ರ. ಆ ಪೆನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ 8.8 ಕೋಟಿ ಡಾಲರ್ ಕೊಟ್ಟರು. ಐಸ್ ಅರೀನಾ ಕಟ್ಟಿ, ಮೊದಲ ದರ್ಜೆ ಹಾಕಿ ತಂಡ ಶುರು ಮಾಡಿ ಅಂತ. ಪೆನ್ ಸ್ಟೇಟ್ ಇದ್ದದ್ದು ಬಿಗ್ ಟೆನ್ ಎಂಬ ದೈತ್ಯ ಲೀಗ್‌ನಲ್ಲಿ. ಅಲ್ಲಿ ಹಾಕಿ ಆಡುತ್ತಿದ್ದ ಶಾಲೆಗಳು ಅಲ್ಲಿಯವರೆಗೆ ಐದು: ಮಿಶಿಗನ್, ಮಿಶಿಗನ್ ಸ್ಟೇಟ್, ಒಹಾಯೊ ಸ್ಟೇಟ್, ಮಿನೆಸೋಟ, ವಿಸ್ಕಾನ್ಸಿನ್. ಆರನೆಯದು ಬಂತು. ಆರು ಆಯಿತು ಅಂದಮೇಲೆ ಬಿಗ್ ಟೆನ್ ಸುಮ್ನೆ ಕೂರುತ್ತದಾ? ಅದಕ್ಕೆ ಸ್ವಂತ ಟಿವಿ ಚಾನೆಲ್ ಬೇರೆ ಇತ್ತು. 2011ರ ಮಾರ್ಚ್‌ನಲ್ಲಿ ನಾವೇ ಹಾಕಿ ಲೀಗ್ ನಡೆಸುತ್ತೇವೆ, 2013ರಿಂದ ಶುರು ಎಂದುಬಿಟ್ಟಿತು.

ಒಂದೇ ಏಟಿಗೆ ಎರಡೂ ಹಳೆಯ ಲೀಗುಗಳ ದೊಡ್ಡ ಹೆಸರುಗಳು ಹೋದವು. ಉಳಿದವರಲ್ಲಿ ಬಲವಾಗಿದ್ದವರಿಗೆ ಭಯ ಹಿಡಿಯಿತು. ಮಿನೆಸೋಟ, ವಿಸ್ಕಾನ್ಸಿನ್ ಬರದಿದ್ದರೆ ಸ್ಟೇಡಿಯಂ ತುಂಬುತ್ತದಾ? ಟಿವಿಯವರು ಬರುತ್ತಾರಾ? ನಾರ್ತ್ ಡಕೋಟ, ಡೆನ್ವರ್, ಕೊಲರಾಡೊ ಕಾಲೇಜ್, ಮಿನೆಸೋಟ ಡುಲುತ್, ಒಮಾಹ, ಇವರ ಜೊತೆ ಸಿಸಿಎಚ್‌ಎ ಕಡೆಯಿಂದ ಒಹಾಯೊದ ಮಯಾಮಿ. ಈ ಆರು ಜನ ಸೇರಿ ಹೊರಬಂದರು. ಇದರಲ್ಲಿ ಡುಲುತ್ ಆ ವರ್ಷದ ಏಪ್ರಿಲ್‌ನಲ್ಲಷ್ಟೇ ರಾಷ್ಟ್ರೀಯ ಚಾಂಪಿಯನ್ ಆಗಿತ್ತು. ಫೈನಲ್‌ನಲ್ಲಿ ಮಿಶಿಗನ್ ವಿರುದ್ಧ 3-2, ಓವರ್‌ಟೈಮ್. ಕಪ್ ಗೆದ್ದು ಮೂರು ತಿಂಗಳಿಗೆ ಮನೆ ಬಿಟ್ಟಿತು. ಸೆಪ್ಟೆಂಬರಿನಲ್ಲಿ ಸೇಂಟ್ ಕ್ಲೌಡ್ ಸ್ಟೇಟ್, ವೆಸ್ಟರ್ನ್ ಮಿಶಿಗನ್ ಸೇರಿ ಎಂಟಾಯಿತು. ನೋಟರ್ ಡೇಮ್‌ಗೂ ಕಾದರು, ಅದು ಪೂರ್ವದ ಹಾಕಿ ಈಸ್ಟ್ ಲೀಗಿಗೆ ಹೋಯಿತು.

ಈಗ ವಿಷಯಕ್ಕೆ ಬರುತ್ತೇನೆ. ಎಂಟು ಶಾಲೆ. ಎಲ್ಲರೂ ಈಗಷ್ಟೇ ಹಳೆಯ ಜೊತೆಗಾರರನ್ನು ಬಿಟ್ಟು ಬಂದವರು. ಪಕ್ಕದಲ್ಲಿ ಕೂತವನು ನಾಳೆ ನನ್ನನ್ನೂ ಬಿಟ್ಟು ಹೋಗಬಹುದು ಅಂತ ಪ್ರತಿಯೊಬ್ಬರಿಗೂ ಗೊತ್ತು. ಇಂಥವರ ಮೇಲೆ ಯಾರನ್ನು ಕೂರಿಸುವುದು?

ಕಮಿಷನರ್ ಕೆಲಸ ಏನು ಅಂತ ಕೇಳಬಹುದು. ವೇಳಾಪಟ್ಟಿ, ರೆಫರಿಗಳ ನೇಮಕ, ಟಿವಿ ಒಪ್ಪಂದ, ಟೂರ್ನಿಗೆ ಊರು ಹುಡುಕುವುದು, ಎಲ್ಲ ಇದೆ. ಅತಿ ಸೂಕ್ಷ್ಮವಾದದ್ದು ಮಾತ್ರ ಶಿಸ್ತಿನ ವಿಷಯ. ಈ ಲೀಗುಗಳಲ್ಲಿ ಸಾಮಾನ್ಯವಾಗಿ ಶುಕ್ರವಾರ, ಶನಿವಾರ ಎರಡು ದಿನ ಅದೇ ಎರಡು ತಂಡ ಆಡುತ್ತವೆ, ಪ್ರಯಾಣದ ಖರ್ಚು ಉಳಿಯಲಿ ಅಂತ. ಶುಕ್ರವಾರ ರಾತ್ರಿ ಡೆನ್ವರ್‌ನಲ್ಲಿ ಒಬ್ಬ ಹುಡುಗ ಎದುರಾಳಿಯ ತಲೆಗೆ ಗುದ್ದಿದ ಅಂದುಕೊಳ್ಳಿ. ಪಂದ್ಯ ಮುಗಿದಾಗ ಅಲ್ಲಿ ಹತ್ತು ಗಂಟೆ, ಮಯಾಮಿಯ ಕಡೆ ಮಧ್ಯರಾತ್ರಿ. ಅದೇ ಹುಡುಗ ಮರುದಿನ ಸಂಜೆ ಮತ್ತೆ ಅದೇ ತಂಡದ ಎದುರು ಇಳಿಯಬೇಕು. ಬೆಳಗಾಗುವಷ್ಟರಲ್ಲಿ ಆಫೀಸಿನವರು ವಿಡಿಯೊ ನೋಡಿ ಅವನು ಆಡಬಹುದಾ ಇಲ್ವಾ ಹೇಳಬೇಕು. ಎರಡು ಕೋಚ್‌ಗಳು ಫೋನ್ ಹಿಡಿದು ಕೂತಿರುತ್ತಾರೆ. ತೀರ್ಪು ಕೊಡುವವನು ಆ ಎರಡರಲ್ಲಿ ಒಂದು ಶಾಲೆಯ ಹಳಬ ಆಗಿದ್ದರೆ ಏನಾಗುತ್ತದೆ, ನೀವೇ ಯೋಚನೆ ಮಾಡಿ.

ಎನ್‌ಸಿಎಚ್‌ಸಿ ಇದಕ್ಕೆ ಮೊದಲು ಕೊಟ್ಟ ಉತ್ತರ ಅಚ್ಚರಿಯದು. 2012ರ ಆರಂಭದಲ್ಲಿ ಜಿಮ್ ಷೆರ್ ಅವರನ್ನು ಆರಿಸಿದರು. ಅವರು ಹಾಕಿಯವರೇ ಅಲ್ಲ, ಕುಸ್ತಿಪಟು. ನೆಬ್ರಾಸ್ಕ ವಿಶ್ವವಿದ್ಯಾಲಯಕ್ಕೆ ಆಡಿ, 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ಕಣಕ್ಕಿಳಿದವರು. ಆಮೇಲೆ ಅಮೆರಿಕದ ಒಲಿಂಪಿಕ್ ಸಮಿತಿಯ ಸಿಇಒ ಆಗಿ 2009ರವರೆಗೆ ಇದ್ದರು. ಯಾವ ಹಾಕಿ ಶಾಲೆಯ ಋಣವೂ ಅವರ ಮೇಲಿಲ್ಲ. ಜೊತೆಗೆ ದೊಡ್ಡ ಹೆಸರು. ಬಿಗ್ ಟೆನ್ ಎದುರು ನಿಲ್ಲಬೇಕಾದ ಹೊಸ ಲೀಗಿಗೆ ಅಂಥ ಹೆಸರೇ ಬೇಕಿತ್ತು ಅಂತ ನನಗನಿಸುತ್ತದೆ. ಪ್ರಾಯೋಜಕರ ಬಾಗಿಲು ತಟ್ಟಿದರೆ ತೆರೆಯಬೇಕಲ್ಲ.

ಕಚೇರಿ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ. ಭೂಪಟ ಇಟ್ಟುಕೊಂಡು ನೋಡಿದರೆ ಇದು ಸರಿಯಾದ ಜಾಗವೇ ಅಲ್ಲ. ಸದಸ್ಯರಲ್ಲಿ ಇಬ್ಬರು ಮಿನೆಸೋಟದವರು, ನಾರ್ತ್ ಡಕೋಟ ಪಕ್ಕದಲ್ಲೇ. ವಿಮಾನಗಳೆಲ್ಲ ಮಿನಿಯಾಪೊಲಿಸ್ ಮೂಲಕ ಹೋಗುತ್ತವೆ, ಹಾಕಿ ನೋಡುವ ಜನ ಇರುವುದೂ ಅಲ್ಲೇ. ಲೆಕ್ಕಾಚಾರದವರನ್ನು ಕೇಳಿದ್ದರೆ ಅಲ್ಲೇ ಒಂದು ಬಾಡಿಗೆ ಕಟ್ಟಡ ತೋರಿಸುತ್ತಿದ್ದರು. ಆದರೆ ಮಿನಿಯಾಪೊಲಿಸ್ ಅಂದರೆ ಮಿನೆಸೋಟ ವಿಶ್ವವಿದ್ಯಾಲಯದ ಅಂಗಳ. ಬಿಟ್ಟು ಹೋದವರ ಮನೆ ಮುಂದೆ ಬೋರ್ಡ್ ನೇತು ಹಾಕಿದ ಹಾಗೆ.

ಕೊಲರಾಡೊ ಸ್ಪ್ರಿಂಗ್ಸ್‌ನ ಬಲ ಬೇರೆ. ಒಲಿಂಪಿಕ್ ಸಮಿತಿ 1978ರಿಂದ ಅಲ್ಲೇ ಇದೆ, ಷೆರ್ ಅವರಿಗೆ ಅದು ಕೆಲಸ ಮಾಡಿದ ಊರು. ದೇಶದ ಹಾಕಿ ಆಡಳಿತ ಸಂಸ್ಥೆ ಯುಎಸ್‌ಎ ಹಾಕಿಯೂ ಅಲ್ಲೇ. ಅದಕ್ಕಿಂತ ಹಳೆಯ ನೆನಪೊಂದಿದೆ. ಸ್ಪೆನ್ಸರ್ ಪೆನ್‌ರೋಸ್ ಅನ್ನುವ ಗಣಿ ಶ್ರೀಮಂತ ಅಲ್ಲಿ ಬ್ರಾಡ್‌ಮೂರ್ ಅನ್ನುವ ಭರ್ಜರಿ ಹೋಟೆಲ್ ಕಟ್ಟಿಸಿದ, ಅದು ತೆರೆದದ್ದು 1918ರಲ್ಲಿ. ಹೋಟೆಲಿಗೆ ಸೇರಿದಂತೆ ಮುಂದೆ ಐಸ್ ಅರೀನಾವೂ ಬಂತು. 1948ರಲ್ಲಿ ಮೊತ್ತಮೊದಲ ರಾಷ್ಟ್ರೀಯ ಕಾಲೇಜು ಹಾಕಿ ಟೂರ್ನಿ ನಡೆದದ್ದು ಅಲ್ಲೇ. ಮಿಶಿಗನ್ ಡಾರ್ಟ್‌ಮತ್ ಅನ್ನು 8-4ರಿಂದ ಸೋಲಿಸಿತು. 1957ರವರೆಗೆ ಸತತ ಹತ್ತು ವರ್ಷ ಟೂರ್ನಿ ಅದೇ ಮಂಜಿನ ಮೇಲೆ ನಡೆಯಿತು. ಹುಟ್ಟಿ ವರ್ಷವಾಗದ ಲೀಗಿಗೆ ಅರವತ್ತು ವರ್ಷದ ಹಿನ್ನೆಲೆ ಬಿಟ್ಟಿಯಾಗಿ ಸಿಕ್ಕಿತು! ಲೀಗ್ ಹಂತದಲ್ಲಿ ಮೊದಲ ಸ್ಥಾನ ಪಡೆದವರಿಗೆ ಕೊಡುವ ಟ್ರೋಫಿಗೆ ಪೆನ್‌ರೋಸ್ ಕಪ್ ಅಂತ ಹೆಸರಿಟ್ಟರು. ಜಾಣತನ ಅಂದರೆ ಇದು.

ಆ ಊರಿನಲ್ಲಿ ಒಂದು ಸದಸ್ಯ ಶಾಲೆ ಇದೆಯಲ್ಲ ಅಂತ ನೀವು ಕೇಳಬೇಕು. ಇದೆ. ಅದೇ ಎರಡು ಸಾವಿರ ಮಕ್ಕಳ ಕೊಲರಾಡೊ ಕಾಲೇಜ್. ಅದು ಎಲ್ಲರಿಗಿಂತ ಚಿಕ್ಕದು ಅನ್ನುವುದೇ ಇಲ್ಲಿ ಅನುಕೂಲ. ನಾರ್ತ್ ಡಕೋಟದ ಗ್ರ್ಯಾಂಡ್ ಫೋರ್ಕ್ಸ್‌ನಲ್ಲಿ ಕಚೇರಿ ಇಟ್ಟಿದ್ದರೆ ಇದು ಅವರ ಲೀಗು ಅಂತ ಉಳಿದ ಏಳು ಜನ ಮುಖ ಗಂಟಿಕ್ಕುತ್ತಿದ್ದರು. ಚಿಕ್ಕವನ ಮನೆಯಲ್ಲಿ ಪಂಚಾಯಿತಿ ಸೇರಿದರೆ ಯಾರಿಗೂ ಹೆದರಿಕೆ ಇಲ್ಲ.

ಕೊಡವ ಕೌಟುಂಬಿಕ ಹಾಕಿ ಉತ್ಸವದಲ್ಲಿ ಈ ತಲೆನೋವೇ ಇಲ್ಲ ನೋಡಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ್ದು. ಪ್ರತಿ ವರ್ಷ ಒಂದೊಂದು ಕುಟುಂಬ ಆತಿಥ್ಯ ವಹಿಸುತ್ತದೆ, ಆ ವರ್ಷದ ಕಪ್‌ಗೆ ಆ ಕುಟುಂಬದ್ದೇ ಹೆಸರು. ಗೌರವ ಸುತ್ತುತ್ತಾ ಹೋಗುತ್ತದೆ. ವರ್ಷಕ್ಕೊಮ್ಮೆ ನಡೆಯುವ ಹಬ್ಬಕ್ಕೆ ಅದು ಸರಿ. ವಾರ ವಾರ ತೀರ್ಪು ಕೊಡುವ ಆಫೀಸಿಗೆ ಒಂದು ಕಡೆ ನೆಲೆ ಬೇಕೇ ಬೇಕು.

ಅಂದಹಾಗೆ, ಕಚೇರಿ ಕೊಲರಾಡೊದಲ್ಲಿಟ್ಟ ಇದೇ ಜನ ಟೂರ್ನಿಯನ್ನು ಮಾತ್ರ ಮಿನಿಯಾಪೊಲಿಸ್‌ಗೆ ಒಯ್ದರು! ದುಡ್ಡು ಅಲ್ಲೇ ಅಲ್ವಾ. 2014ರ ಮಾರ್ಚ್‌ನಲ್ಲಿ ಮೊದಲ ಟೂರ್ನಿ, ಟಾರ್ಗೆಟ್ ಸೆಂಟರ್‌ನಲ್ಲಿ. ಅದೇ ವಾರಾಂತ್ಯ ಪಕ್ಕದ ಸೇಂಟ್ ಪಾಲ್‌ನಲ್ಲಿ ಬಿಗ್ ಟೆನ್‌ನ ಮೊದಲ ಟೂರ್ನಿ. ಒಂದೇ ಜೋಡಿ ನಗರದಲ್ಲಿ ಎರಡು ಟೂರ್ನಿ, ನೋಡುವವರು ಅದೇ ಜನ. ಎರಡೂ ಕಡೆ ಖಾಲಿ ಕುರ್ಚಿ ಬೇಕಾದಷ್ಟಿದ್ದವು. ಮಜಾ ಅಂದರೆ ಆ ಮೊದಲ ವರ್ಷ ಪೆನ್‌ರೋಸ್ ಕಪ್ ಗೆದ್ದದ್ದು ತಡವಾಗಿ ಕರೆಸಿಕೊಂಡ ಸೇಂಟ್ ಕ್ಲೌಡ್ ಸ್ಟೇಟ್. ಎನ್‌ಸಿಎಚ್‌ಸಿ ಟೂರ್ನಿ ಆಮೇಲೆ ಸೇಂಟ್ ಪಾಲ್‌ಗೆ ಹೋಗಿ, 2025ರವರೆಗೆ ಅಲ್ಲಿ ನಡೆದು, ಈಗ ಶಾಲೆಗಳ ಸ್ವಂತ ಅರೀನಾಗಳಿಗೇ ವಾಪಸ್ ಬಂದಿದೆ.

ಷೆರ್ ಎಷ್ಟು ದಿನ ಇದ್ದರು? ಮೊದಲ ಪಂದ್ಯ ನಡೆಯುವ ಮೊದಲೇ, 2013ರಲ್ಲಿ ಹೊರಟರು. ಅವರ ಜಾಗಕ್ಕೆ ಬಂದವರು ಜಾಶ್ ಫೆಂಟನ್, ಮಯಾಮಿಯ ಕ್ರೀಡಾ ವಿಭಾಗದಲ್ಲಿ ಆಡಳಿತ ನೋಡಿಕೊಳ್ಳುತ್ತಿದ್ದವರು. ಪತ್ರಿಕೆಗಳಲ್ಲಿ ದೊಡ್ಡಕ್ಷರದ ಹೆಸರಲ್ಲ. ಆದರೆ ಲೀಗನ್ನು ನಿಜವಾಗಿ ಕಟ್ಟಿದ್ದು ಅವರೇ ಅನ್ನುವುದು ನನ್ನ ಅಭಿಪ್ರಾಯ. ಸುಮಾರು ಎಂಟು ವರ್ಷ ಇದ್ದರು. ಆ ಅವಧಿಯಲ್ಲಿ ನಾರ್ತ್ ಡಕೋಟ 2016ರಲ್ಲಿ, ಡೆನ್ವರ್ 2017ರಲ್ಲಿ, ಡುಲುತ್ 2018 ಮತ್ತು 2019ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದವು. ಸತತ ನಾಲ್ಕು. ಕಪ್ ಗೆದ್ದದ್ದು ಕೋಚ್‌ಗಳು ಮತ್ತು ಹುಡುಗರು, ಕಮಿಷನರ್ ಅಲ್ಲ, ಒಪ್ಪಿದೆ. ಆದರೂ ಯಾವ ಶಾಲೆಯೂ ಲೀಗ್ ಬಿಟ್ಟು ಓಡಲಿಲ್ಲ. ಬಿಟ್ಟು ಬಂದವರ ಲೀಗಿನಲ್ಲಿ ಅದು ಸಣ್ಣ ಸಾಧನೆ ಅಲ್ಲ. ಫೆಂಟನ್ ಮುಂದೆ ಸಮಿಟ್ ಲೀಗ್‌ನ ಕಮಿಷನರ್ ಆದರು. ಆಗ ಡೆನ್ವರ್, ಒಮಾಹ, ನಾರ್ತ್ ಡಕೋಟ ಮೂರರದ್ದೂ ಹೆಚ್ಚಿನ ಉಳಿದ ಕ್ರೀಡೆಗಳು ಇದ್ದದ್ದು ಅದೇ ಲೀಗಿನಲ್ಲಿ. ಅವರೊಡನೆ ಎಂಟು ವರ್ಷ ಏಗಿದ ಮನುಷ್ಯನನ್ನು ಅಲ್ಲಿ ಮತ್ತೆ ಒಪ್ಪಿಕೊಂಡರು ಅಂದರೆ ಅದೇ ಅವರಿಗೆ ಸಿಕ್ಕ ಸರ್ಟಿಫಿಕೇಟು.

2022ರಲ್ಲಿ ಹೆದರ್ ವೀಮ್ಸ್ ಬಂದರು, ಸೇಂಟ್ ಕ್ಲೌಡ್ ಸ್ಟೇಟ್‌ನ ಅಥ್ಲೆಟಿಕ್ ಡೈರೆಕ್ಟರ್ ಆಗಿದ್ದವರು. ಗಮನಿಸಿ: ಒಬ್ಬರು ಮಯಾಮಿಯಿಂದ, ಇನ್ನೊಬ್ಬರು ಸೇಂಟ್ ಕ್ಲೌಡ್‌ನಿಂದ. ಇಬ್ಬರೂ ಒಳಗಿನವರು, ಆದರೆ ನಾರ್ತ್ ಡಕೋಟ, ಡೆನ್ವರ್‌ನಂಥ ದೊಡ್ಡ ಮನೆಯವರಲ್ಲ. ಕಚೇರಿಗೆ ಹಚ್ಚಿದ ಲೆಕ್ಕವೇ ಕುರ್ಚಿಗೂ ಅಂತ ನನಗೆ ಕಾಣುತ್ತದೆ. ಅವರು ಹಾಗೆ ಯೋಚಿಸಿಯೇ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಆಗಿದ್ದು ಮಾತ್ರ ಹಾಗೆ. ಮೊದಲ ಕಮಿಷನರ್ ಊರಿಗೆ ತೋರಿಸಲಿಕ್ಕೆ, ಎರಡನೆಯವರು ಮನೆ ನಡೆಸಲಿಕ್ಕೆ.

ಬಿಗ್ ಟೆನ್‌ಗೆ ಈ ಪಾಡೇ ಇರಲಿಲ್ಲ. ಆಗ ಅಲ್ಲಿ ಜಿಮ್ ಡೆಲಾನಿ 1989ರಿಂದಲೇ ಕಮಿಷನರ್ ಆಗಿದ್ದರು, ಕಚೇರಿ ಶಿಕಾಗೊ ಹತ್ತಿರ. ಹಾಕಿ ಅಲ್ಲಿ ಇನ್ನೊಂದು ಫೈಲು, ಅಷ್ಟೇ.

ಉಳಿದವರ ಕಥೆ ಕೇಳಬೇಕು. ಸಿಸಿಎಚ್‌ಎ 2013ರಲ್ಲಿ ಮುಚ್ಚಿತು. ಅದರ ಕಮಿಷನರ್ ಟಾಮ್ ಅನಸ್ಟೋಸ್ 2011ರಲ್ಲೇ ಮಿಶಿಗನ್ ಸ್ಟೇಟ್‌ಗೆ ಕೋಚ್ ಆಗಿ ಹೋಗಿದ್ದರು. ಅಂದರೆ ಲೀಗ್ ಬಿಟ್ಟು ಹೊರಟ ಶಾಲೆಗೇ! ಉಳಿದ ಐದು ತಂಡ ಡಬ್ಲ್ಯುಸಿಎಚ್‌ಎ ಸೇರಿದವು. ಅಲಬಾಮ ಹಂಟ್ಸ್‌ವಿಲ್ ಕೂಡ ಸೇರಿತು. ಈಗ ಆ ಲೀಗಿನ ಭೂಪಟ ನೋಡಿ: ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ನಿಂದ ದಕ್ಷಿಣದ ಅಲಬಾಮವರೆಗೆ. ಬಸ್ಸಲ್ಲಿ ಹೋಗುವ ಬಡ ಶಾಲೆಗಳಿಗೆ ವಿಮಾನದ ಟಿಕೆಟ್ಟು. 2019ರ ಜೂನ್‌ನಲ್ಲಿ ಏಳು ಶಾಲೆಗಳು ಇನ್ನು ನಮ್ಮಿಂದ ಆಗಲ್ಲ ಅಂತ ಒಟ್ಟಿಗೆ ಪತ್ರ ಕೊಟ್ಟವು. ಹಂಟ್ಸ್‌ವಿಲ್ ಮತ್ತು ಎರಡು ಅಲಾಸ್ಕಾ ತಂಡಗಳು ಹಿಂದುಳಿದವು. ಮೂರು ತಂಡಕ್ಕೆ ಲೀಗಿಲ್ಲ. ಆರು ಬೇಕಲ್ಲ.

ಹೊರಬಂದ ಏಳು ಜನ ಮುಚ್ಚಿಹೋದ ಸಿಸಿಎಚ್‌ಎ ಹೆಸರನ್ನೇ ಮತ್ತೆ ಎತ್ತಿಕೊಂಡರು. 2020ರ ಜೂನ್‌ನಲ್ಲಿ ಕಮಿಷನರ್ ಆಗಿ ಡಾನ್ ಲುಸಿಯಾ ಬಂದರು. ಇವರು ಷೆರ್‌ಗೆ ನೇರ ವಿರುದ್ಧ. ಜೀವನವಿಡೀ ಹಾಕಿ. ಮಿನೆಸೋಟ ವಿಶ್ವವಿದ್ಯಾಲಯಕ್ಕೆ 1999ರಿಂದ 2018ರವರೆಗೆ ಕೋಚ್, 2002 ಮತ್ತು 2003ರಲ್ಲಿ ರಾಷ್ಟ್ರೀಯ ಚಾಂಪಿಯನ್. ಅವರ ಶಾಲೆ ಬಿಗ್ ಟೆನ್‌ಗೆ ಹೋಗಿದ್ದರಿಂದ ಈ ಏಳರಲ್ಲಿ ಯಾವುದಕ್ಕೂ ಸೇರಿದವರಲ್ಲ. ಸಣ್ಣ ಶಾಲೆಗಳಿಗೆ ಬೇಕಾಗಿದ್ದು ಹಾಕಿ ಲೋಕದಲ್ಲಿ ಎಲ್ಲರೂ ಎದ್ದು ನಿಂತು ಮಾತಾಡಿಸುವ ಹಿರಿಯ. ಅಂಥವರು ಸಿಕ್ಕರು.

ಅದರ ಬೆಲೆ ಗೊತ್ತಾದದ್ದು 2022ರ ಮಾರ್ಚ್ 19ರ ರಾತ್ರಿ, ಮನ್ಕೇಟೊದಲ್ಲಿ. ಹೊಸ ಸಿಸಿಎಚ್‌ಎಯ ಮೊದಲ ಫೈನಲ್. ಮಿನೆಸೋಟ ಸ್ಟೇಟ್ ಮತ್ತು ಬೆಮಿಜಿ ಸ್ಟೇಟ್. 1-1, ಓವರ್‌ಟೈಮ್. ಮನೆ ತಂಡ ಗೋಲು ಹೊಡೆಯಿತು. ಹೆಲ್ಮೆಟ್ಟು, ಗ್ಲೌಸು ಎಲ್ಲ ಹಾರಿದವು. ಮೇಸನ್ ಕಪ್ ಕೊಟ್ಟರು, ಫೋಟೊ ತೆಗೆದರು, ಜನ ಮನೆಗೆ ಹೊರಟರು. ಆಮೇಲೆ ಇನ್ನೊಂದು ಕೋನದ ವಿಡಿಯೊ ನೋಡಿದರೆ ಗೋಲೇ ಅಲ್ಲ. ನೆಟ್‌ನ ಅಂಚು ಮೇಲೆದ್ದು, ಪಕ್ (ಚೆಂಡಿನ ಬದಲು ಆಡುವ ಚಪ್ಪಟೆ ಬಿಲ್ಲೆ) ಪಕ್ಕದಿಂದ ಕೆಳಗೆ ನುಸುಳಿದೆ. ಕಪ್ ಕೊಟ್ಟು ಒಂದು ಗಂಟೆಗೂ ಮೇಲಾಗಿದೆ. ಏನು ಮಾಡುತ್ತೀರಿ? ಬಾಯಿ ಮುಚ್ಚಿಕೊಂಡಿದ್ದರೆ ಆ ರಾತ್ರಿ ಮುಗಿಯುತ್ತಿತ್ತು. ಲೀಗ್ ಹಾಗೆ ಮಾಡಲಿಲ್ಲ. ಗೋಲು ರದ್ದು, ಮತ್ತೆ ಆಡಿ ಎಂದಿತು. ಹುಡುಗರು ಪುನಃ ಸ್ಕೇಟ್ ಕಟ್ಟಿದರು, ಮಂಜನ್ನು ಮತ್ತೆ ಸರಿಮಾಡಿದರು, ದಾರಿಯಲ್ಲಿದ್ದ ಕೆಲವರು ಕಾರು ತಿರುಗಿಸಿಕೊಂಡು ಬಂದರು. ಮಿನೆಸೋಟ ಸ್ಟೇಟ್ ಮತ್ತೆ ಗೆದ್ದಿತು, 2-1, ಈ ಸಲ ನೆಟ್ಟಗೆ. ಇಂಥ ತೀರ್ಮಾನ ನಿಲ್ಲಬೇಕಾದರೆ ಹೇಳುವವರಿಗೆ ಲಾಕರ್ ರೂಮಿನ ಭಾಷೆ ಗೊತ್ತಿರಬೇಕು. ಒಲಿಂಪಿಕ್ ಸಮಿತಿಯ ಮಾಜಿ ಮುಖ್ಯಸ್ಥರು ಹೇಳಿದ್ದರೆ ಇಷ್ಟು ಸುಲಭವಾಗಿ ಕೇಳುತ್ತಿದ್ದರಾ? ನನಗೆ ಅನುಮಾನ.

ಪ್ರಶ್ನೋತ್ತರದಲ್ಲಿ ಒಬ್ಬರು ಕೇಳಿದರು: ಹಾಗಾದರೆ ಹಿಂದುಳಿದ ಮೂವರು ಏನಾದರು? ಹಂಟ್ಸ್‌ವಿಲ್ ಸೇರಲು ಲೀಗ್ ಸಿಗದೆ 2021ರಲ್ಲಿ ಹಾಕಿ ನಿಲ್ಲಿಸಿತು. ಅಲಾಸ್ಕಾದ ಆ್ಯಂಕರೇಜ್ ತಂಡವನ್ನು ಖರ್ಚಿನ ಕಾರಣಕ್ಕೆ ಮುಚ್ಚಲು ಹೊರಟಿದ್ದರು. ಊರಿನವರು 30 ಲಕ್ಷ ಡಾಲರ್ ಚಂದಾ ಎತ್ತಿ 2022ರಲ್ಲಿ ಮತ್ತೆ ಇಳಿಸಿದರು. ಅವರೂ ಫೇರ್‌ಬ್ಯಾಂಕ್ಸ್‌ನವರೂ ಯಾವ ಲೀಗೂ ಇಲ್ಲದೆ ಸ್ವತಂತ್ರವಾಗಿ ಆಡಲು ಶುರು ಮಾಡಿದರು. ಲುಸಿಯಾ 1987ರಲ್ಲಿ ಮೊದಲ ಸಲ ಮುಖ್ಯ ಕೋಚ್ ಆಗಿದ್ದು ಇದೇ ಫೇರ್‌ಬ್ಯಾಂಕ್ಸ್‌ನಲ್ಲಿ. ಆರು ವರ್ಷ ಅಲ್ಲಿದ್ದರು.

ಇನ್ನೊಬ್ಬರು ಕೇಳಿದ್ದು: ಈಗ ಎಲ್ಲ ಶಾಂತವಾ? ಎಲ್ಲಿ ಶಾಂತ. ಎನ್‌ಸಿಎಚ್‌ಸಿ 2024ರಲ್ಲಿ ಅರಿಜೋನ ಸ್ಟೇಟ್ ಅನ್ನು ಸೇರಿಸಿಕೊಂಡಿತು. ಹೊಸ ಸಿಸಿಎಚ್‌ಎ ತನ್ನ ಎಂಟನೇ ಸದಸ್ಯ ಅಂತ ಕರೆಸಿಕೊಂಡಿದ್ದ ಸೇಂಟ್ ಥಾಮಸ್ ಕೂಡ 2026ರಿಂದ ಎನ್‌ಸಿಎಚ್‌ಸಿಗೆ ಅಂತ ತೀರ್ಮಾನವಾಗಿದೆ. ಕೊಲರಾಡೊ ಸ್ಪ್ರಿಂಗ್ಸ್‌ನ ಆಫೀಸು ಹತ್ತು ತಂಡದ ವೇಳಾಪಟ್ಟಿ ಬರೆಯಬೇಕು, ಸಿಸಿಎಚ್‌ಎ ಮತ್ತೆ ಕುರ್ಚಿ ಎಣಿಸಬೇಕು.